ಕುಡಿಯುವ ನೀರಿನ ಯೋಜನೆಯಲ್ಲಿ ದನಕರು ಮತ್ತು ಹಿತ್ತಲಿನ ಲೆಕ್ಕ

ಹಳ್ಳಿಗಳಿಗೆ ಕುಡಿಯುವ ನೀರನ್ನು ಒದಗಿಸುವ ಯೋಜನೆಗಳು ಮೊದಲು ಚೆನ್ನಾಗಿ ನಡೆದು ಕೆಲವೇ ವರ್ಷಗಳಲ್ಲಿ ಸೊರಗುವುದೇಕೆ? ನೀರಿನ ಮೂಲ ಸಾಲದು, ಹಣ ಸಾಲದು ಎಂಬ ಎರಡು ಕಾರಣಗಳನ್ನು ಸಾಮಾನ್ಯವಾಗಿ ಹೇಳುತ್ತಾರೆ. ಎರಡೂ ನಿಜವೇ. ಆದರೆ ಮೂರನೆಯದೊಂದು ಕಾರಣವಿದೆ. ಅದನ್ನು ರೈತರಾದವರು ಇತರರಿಗಿಂತ ಬೇಗ ಅರ್ಥ ಮಾಡಿಕೊಳ್ಳಬಲ್ಲರು. ಯೋಜನೆಯ ಕಾಗದದಲ್ಲಿ ಮನುಷ್ಯರ ತಲೆಗಳನ್ನು ಮಾತ್ರ ಎಣಿಸಿರುತ್ತಾರೆ. ಆ ಮನೆಯ ಕೊಟ್ಟಿಗೆಯಲ್ಲಿರುವ ದನ, ಆಡು, ಕೋಳಿ ಮತ್ತು ಹಿತ್ತಲಿನ ಕಾಯಿಪಲ್ಲೆಯ ಮಡಿಗಳು ಲೆಕ್ಕಕ್ಕೆ ಬಂದಿರುವುದಿಲ್ಲ. ಇದರ ಪರಿಣಾಮವೇನೆಂಬುದನ್ನು ತಿಳಿಯಲು ದಕ್ಷಿಣ ಆಫ್ರಿಕದ ಒಂದು ಗ್ರಾಮೀಣ ಜಿಲ್ಲೆಯ ಅನುಭವವನ್ನು ಇಲ್ಲಿ ವಿವರಿಸಲಾಗಿದೆ.

ಉಮ್ಖಾನ್ಯಕುಡೆ ಜಿಲ್ಲೆ

ದಕ್ಷಿಣ ಆಫ್ರಿಕದ ಈಶಾನ್ಯ ಮೂಲೆಯಲ್ಲಿ, ಕ್ವಾಜುಲು-ನಟಾಲ್ ಪ್ರಾಂತ್ಯದ ತುದಿಯಲ್ಲಿ ಈ ಜಿಲ್ಲೆ ಇದೆ. ಉತ್ತರಕ್ಕೆ ಮೊಜಾಂಬಿಕ್, ಪಶ್ಚಿಮಕ್ಕೆ ಎಸ್ವಟಿನಿ, ಪೂರ್ವಕ್ಕೆ ಹಿಂದೂ ಮಹಾಸಾಗರ. ಜೌಗು ನೆಲದಲ್ಲಿ ಬೆಳೆಯುವ, ಹಳದಿ ತೊಗಟೆಯ ಒಂದು ಜಾಲಿ ಜಾತಿಯ ಮರಕ್ಕೆ ಜುಲು ಭಾಷೆಯಲ್ಲಿ ಉಮ್ಖಾನ್ಯಕುಡೆ ಎಂದು ಹೆಸರು. ದೂರದಿಂದಲೇ ಹೊಳೆಯುವುದು ಎಂದು ಅದರ ಅರ್ಥ. 2011ರ ಜನಗಣತಿಯಲ್ಲಿ ಇಲ್ಲಿ ಸುಮಾರು ಆರೂಕಾಲು ಲಕ್ಷ ಜನರಿದ್ದರು. ಒಳನಾಡಿನಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸಿನಲ್ಲಿ ಮಳೆಯಾಗುತ್ತದೆ, ಕರಾವಳಿಯಲ್ಲಿ ಇನ್ನೂ ಹೆಚ್ಚು. ಮಳೆಗಾಲ ಅಕ್ಟೋಬರಿನಿಂದ ಮಾರ್ಚಿಯವರೆಗೆ. ಮುಸುಕಿನ ಜೋಳ, ಕುಂಬಳ, ಅವರೆ ಜಾತಿಯ ಕಾಳುಗಳು, ಗೆಣಸು ಇವು ಮನೆಯ ಬೆಳೆಗಳು.

ಇದೇ ಜಿಲ್ಲೆಯಲ್ಲಿ ಪೊಂಗೋಲಾ ನದಿ ಲೆಬೊಂಬೊ ಬೆಟ್ಟಸಾಲನ್ನು ಸೀಳಿಕೊಂಡು ಹೊರಬರುವ ಸ್ಥಳದಲ್ಲಿ ಜೊಝಿನಿ ಅಣೆಕಟ್ಟು ಇದೆ. ಇದು ಮುಗಿದದ್ದು 1973ರಲ್ಲಿ. ಹಿಡಿಯುವ ನೀರು ಸುಮಾರು 80 ಟಿ.ಎಂ.ಸಿ. ನಮ್ಮ ಕೃಷ್ಣರಾಜಸಾಗರದ ಸಾಮರ್ಥ್ಯ 49 ಟಿ.ಎಂ.ಸಿ.ಗೆ ಸ್ವಲ್ಪ ಮೇಲೆ ಎಂಬುದನ್ನು ನೆನೆದರೆ ಇದರ ಗಾತ್ರ ತಿಳಿಯುತ್ತದೆ. ಇಷ್ಟು ನೀರು ಕಣ್ಣೆದುರಿಗೇ ನಿಂತಿದ್ದರೂ ಸುತ್ತಲಿನ ಹಳ್ಳಿಗಳ ಹೆಂಗಸರೂ ಮಕ್ಕಳೂ ದಶಕಗಳ ಕಾಲ ಪ್ಲಾಸ್ಟಿಕ್ ಕ್ಯಾನುಗಳನ್ನು ಹೊತ್ತು, ತಳ್ಳುಗಾಡಿಯಲ್ಲಿಟ್ಟುಕೊಂಡು ಹಳ್ಳಕ್ಕೆ ಹೋಗಿ ನೀರು ತಂದರು. ಇಂದಿಗೂ ಎಷ್ಟೋ ಕಡೆ ತರುತ್ತಿದ್ದಾರೆ.

ಅಣೆಕಟ್ಟನ್ನು ಕಟ್ಟಿದ್ದು ಕೆಳಗಿನ ಮಖತಿನಿ ಬಯಲಿನ ನೀರಾವರಿಗಾಗಿ. ಅದು ವರ್ಣಭೇದ ಸರಕಾರದ ಕಾಲ. ಬೆಟ್ಟದ ಮೇಲಿನ ಕರಿಯ ಜನರ ಮನೆಗಳಿಗೆ ನೀರು ಏರಿಸುವ ಉದ್ದೇಶ ಆ ನಕ್ಷೆಯಲ್ಲಿರಲಿಲ್ಲ. ಕೊಳವೆಬಾವಿ ತೋಡೋಣವೆಂದರೆ ಒಳನಾಡಿನ ಬಹುಭಾಗದಲ್ಲಿ ನೆಲದಡಿಯಲ್ಲಿ ಹಳೆಯ ಸಮುದ್ರದ ಪದರಗಳಿವೆ, ನೀರು ಸವಳು. ಮತ್ತೊಂದು ತೊಡಕು ವಸತಿಯದು. ನಮ್ಮ ಬಯಲುಸೀಮೆಯ ಊರುಗಳಂತೆ ಅಲ್ಲಿ ಮನೆಗಳು ಒತ್ತಾಗಿಲ್ಲ. ಒಂದೊಂದು ಕುಟುಂಬವೂ ಒಂದೊಂದು ದಿಬ್ಬದ ಮೇಲೆ, ತನ್ನ ದನದ ದೊಡ್ಡಿಯ ಸುತ್ತ ಮನೆ ಕಟ್ಟಿಕೊಂಡಿರುತ್ತದೆ. ನಮ್ಮ ಮಲೆನಾಡಿನ ಒಂಟಿಮನೆಗಳನ್ನು ಕಂಡವರಿಗೆ ಇದರ ಕಷ್ಟ ಗೊತ್ತು. ಒಂದು ಮನೆಗೆ ತಗಲುವ ಪೈಪಿನ ಉದ್ದವೇ ಹಲವು ಪಟ್ಟು ಹೆಚ್ಚುತ್ತದೆ.

ಜಿಲ್ಲಾ ಪುರಸಭೆ ಎಂದರೇನು?

ಪುರಸಭೆ ಎಂದೊಡನೆ ನಮಗೆ ಪಟ್ಟಣ ನೆನಪಾಗುತ್ತದೆ. ದಕ್ಷಿಣ ಆಫ್ರಿಕದಲ್ಲಿ ಹಾಗಲ್ಲ. 2000ದ ಡಿಸೆಂಬರಿನ ಸ್ಥಳೀಯ ಚುನಾವಣೆಯೊಡನೆ ಇಡೀ ದೇಶವನ್ನು, ಹಳ್ಳಿ ಕಾಡು ಬಯಲುಗಳನ್ನೂ ಸೇರಿಸಿ, ಪುರಸಭೆಗಳಾಗಿ ಹಂಚಲಾಯಿತು. ಮಹಾನಗರಗಳನ್ನು ಬಿಟ್ಟು ಉಳಿದೆಡೆ ಎರಡು ಮೆಟ್ಟಿಲು: ಕೆಳಗೆ ಸ್ಥಳೀಯ ಪುರಸಭೆ, ಅಂಥ ಕೆಲವನ್ನು ಒಳಗೊಂಡ ಜಿಲ್ಲಾ ಪುರಸಭೆ ಮೇಲೆ. ಉಮ್ಖಾನ್ಯಕುಡೆಯಲ್ಲಿ ಈಗ ಇಂಥ ನಾಲ್ಕು ಸ್ಥಳೀಯ ಪುರಸಭೆಗಳಿವೆ. ಇಲ್ಲಿ ರಸ್ತೆ, ಕಸ ಮುಂತಾದುವು ಕೆಳಗಿನವರ ಪಾಲಿಗೆ ಬಂದರೆ, ನೀರು ಮತ್ತು ನೈರ್ಮಲ್ಯ ಜಿಲ್ಲೆಯ ಪಾಲಿಗೆ.

ಕಾಯಿದೆಯ ಕಡೆಯಿಂದ ನೋಡಿದರೆ ಕೊರತೆ ಇಲ್ಲ. 1996ರ ಅಲ್ಲಿನ ಸಂವಿಧಾನ ಸಾಕಷ್ಟು ನೀರು ಪಡೆಯುವುದನ್ನು ಪ್ರತಿಯೊಬ್ಬನ ಹಕ್ಕು ಎಂದು ಬರೆದಿದೆ. 1997ರ ನೀರು ಸೇವೆಗಳ ಕಾಯಿದೆ ಈ ಹೊಣೆಯನ್ನು ಪುರಸಭೆಗಳಿಗೆ ವಹಿಸಿತು. ಕನಿಷ್ಠ ಸೇವೆಗೆ ಅಳತೆಯೂ ಇದೆ: ತಲೆಗೆ ದಿನಕ್ಕೆ 25 ಲೀಟರು, ಮನೆಯಿಂದ 200 ಮೀಟರಿನೊಳಗೆ ಕೊಳಾಯಿ, ಅದರಲ್ಲಿ ನಿಮಿಷಕ್ಕೆ 10 ಲೀಟರಿಗೆ ಕಡಮೆಯಿಲ್ಲದ ಹರಿವು. ಅಳತೆಯನ್ನು ಇಷ್ಟು ಸ್ಪಷ್ಟವಾಗಿ ಬರೆದದ್ದು ಮೆಚ್ಚತಕ್ಕ ವಿಷಯ. ಬಕೆಟ್ಟೂ ಗಡಿಯಾರವೂ ಇರುವ ಯಾವ ಗೃಹಿಣಿಯಾದರೂ ತನಗೆ ಬರಬೇಕಾದದ್ದು ಬಂದಿದೆಯೇ ಎಂದು ನೋಡಿಕೊಳ್ಳಬಹುದು.

ಪುರಸಭೆಯ ಕೆಲಸ ನೀರಿಗೆ ಮುಗಿಯುವುದಿಲ್ಲ. ಐದು ವರ್ಷಗಳ ಸಮಗ್ರ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಿ ಪ್ರತಿ ವರ್ಷ ಅದನ್ನು ಜನರ ಮುಂದಿಟ್ಟು ತಿದ್ದಬೇಕು. ವಾರ್ಡಿಗೊಂದು ಸಮಿತಿ, ಅದರಲ್ಲಿ ಆಯ್ಕೆಯಾದ ಸದಸ್ಯನ ಜೊತೆಗೆ ಹತ್ತು ಜನರವರೆಗೆ ಊರಿನವರು. 2004ರಿಂದ ನಡೆದಿರುವ ವಿಸ್ತೃತ ಲೋಕೋಪಯೋಗಿ ಕಾರ್ಯಕ್ರಮದ ಹಣದಿಂದ ಕಾಲುವೆ ತೋಡುವುದು, ಪೈಪು ಹೂಳುವುದು ಮುಂತಾದ ಕೂಲಿ ಕೆಲಸಗಳನ್ನು ಊರಿನವರಿಗೇ ಕೊಡುವ ಏರ್ಪಾಡೂ ಇದೆ.

ಆದರೆ ಆದಾಯವೆಲ್ಲಿ? ಜಿಲ್ಲೆಯ ಬಹುಪಾಲು ಭೂಮಿ ಸಾಮುದಾಯಿಕ ಭೂಮಿ. ಇಂಗೊನ್ಯಾಮ ಟ್ರಸ್ಟಿನ ಹೆಸರಿನಲ್ಲಿದ್ದು ಊರ ಮುಖ್ಯಸ್ಥರ ಮೂಲಕ ಹಂಚಿಕೆಯಾಗುತ್ತದೆ. ಮನೆಕಂದಾಯ ಇಂಥ ಕಡೆ ಹುಟ್ಟುವುದಿಲ್ಲ, ಹುಟ್ಟಿದರೂ ಅದು ಸ್ಥಳೀಯ ಪುರಸಭೆಯದು. ಜಿಲ್ಲೆಗಳು ವ್ಯಾಪಾರ ಸಂಸ್ಥೆಗಳಿಂದ ಪಡೆಯುತ್ತಿದ್ದ ಒಂದು ಕರವನ್ನು 2006ರಲ್ಲಿ ರದ್ದು ಮಾಡಲಾಯಿತು. ಹಾಗಾಗಿ ಕೇಂದ್ರ ಸರಕಾರದ ಅನುದಾನವೇ ಆಧಾರ. ಹೊಸ ಪೈಪು ಹಾಕಲು ಅನುದಾನ ಸಿಗುತ್ತದೆ; ಹಳೆಯ ಪಂಪಿನ ಬೇರಿಂಗು ಬದಲಿಸಲು ಸಿಗುವುದು ಕಷ್ಟ. ನೀರಿನ ನಿರ್ವಹಣೆ ಮತ್ತು ಹಣಕಾಸು ಹದಗೆಟ್ಟು ಪ್ರಾಂತ್ಯ ಸರಕಾರ ಈ ಜಿಲ್ಲೆಯ ಆಡಳಿತದಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೈ ಹಾಕಬೇಕಾಯಿತು.

ದನಕರುಗಳ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಎಂಟು ಜನರ ಒಂದು ಕುಟುಂಬವನ್ನು ತೆಗೆದುಕೊಳ್ಳಿ. ತಲೆಗೆ 25 ಲೀಟರಿನಂತೆ ದಿನಕ್ಕೆ 200 ಲೀಟರು, ತಿಂಗಳಿಗೆ 6,000 ಲೀಟರು. 2001ರ ಜುಲೈಯಿಂದ ಪ್ರತಿ ಮನೆಗೂ ಉಚಿತವಾಗಿ ಕೊಡತಕ್ಕದ್ದೆಂದು ಸರಕಾರ ಗೊತ್ತುಮಾಡಿದ ಪ್ರಮಾಣ ಇದೇ.

ಅದೇ ಮನೆಯಲ್ಲಿ ಐದು ದನಗಳೂ ಹತ್ತು ಆಡುಗಳೂ ಇವೆಯೆನ್ನೋಣ. ಅಲ್ಲಿಯ ನ್ಗುನಿ ತಳಿ ಗಾತ್ರದಲ್ಲಿ ಚಿಕ್ಕದು, ಬರವನ್ನೂ ಉಣ್ಣೆಯ ಕಾಟವನ್ನೂ ತಡೆಯುವಂಥದು. ನಮ್ಮ ನಾಟಿ ದನಗಳ ಹಾಗೆ ಎನ್ನಬಹುದು. ಬೇಸಗೆಯಲ್ಲಿ ಒಂದೊಂದು ದನ ದಿನಕ್ಕೆ 35 ಲೀಟರು ಕುಡಿದರೂ 175 ಲೀಟರಾಯಿತು. ಆಡಿಗೆ 4 ಲೀಟರಿನಂತೆ 40 ಲೀಟರು. ಒಟ್ಟು 215 ಲೀಟರು. ಅಂದರೆ ಮನೆಮಂದಿಗೆಲ್ಲ ಗೊತ್ತುಮಾಡಿದ ನೀರಿಗಿಂತ ದೊಡ್ಡಿಯ ಬಾಯಾರಿಕೆಯೇ ಹೆಚ್ಚು. ದನಗಳಿಗೆ ಹಳ್ಳವಿಲ್ಲವೇ ಎಂದು ಕೇಳಬಹುದು. ಮಳೆಗಾಲದಲ್ಲಿ ಇದೆ. ಜುಲೈಯಿಂದ ಸೆಪ್ಟೆಂಬರಿನವರೆಗೆ ಬತ್ತಿದ ಹಳ್ಳಕ್ಕೆ ದನವನ್ನು ಅಟ್ಟಿಕೊಂಡು ಎಷ್ಟು ದೂರ ಹೋಗುವುದು? ಜುಲು ಜನರಲ್ಲಿ ದನ ಬರಿಯ ಆಸ್ತಿಯಲ್ಲ. ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ಕೊಡುವುದು ದನ, ಹಿರಿಯರ ಕಾರ್ಯಕ್ಕೆ ಬೇಕಾದದ್ದು ದನ. ಅದನ್ನು ಬಾಯಾರಿಸಿ ಕೊಲ್ಲುವವರು ಯಾರೂ ಇಲ್ಲ.

ಹಿತ್ತಲಿನ ಮಾತು ಇನ್ನೂ ಬೇರೆ. ಬಿಸಿಲಿನ ದಿನಗಳಲ್ಲಿ ಬೆಳೆದುನಿಂತ ಸೊಪ್ಪು ತರಕಾರಿ ದಿನಕ್ಕೆ ಸುಮಾರು 5 ಮಿ.ಮೀ. ನೀರನ್ನು ಆವಿಯಾಗಿ ಕಳೆಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರು. ಆದ್ದರಿಂದ 50 ಚದರ ಮೀಟರು, ಅಂದರೆ ಅರ್ಧ ಗುಂಟೆಯಷ್ಟು ಹಿತ್ತಲಿಗೆ ದಿನಕ್ಕೆ 250 ಲೀಟರು ಬೇಕು. ಎಲ್ಲ ಕೂಡಿಸಿದರೆ 200, 215, 250, ಒಟ್ಟು 665 ಲೀಟರು. ಯೋಜನೆ ಕೊಡುವುದು 200. ಮೂರರಲ್ಲಿ ಒಂದು ಪಾಲಿಗೂ ಕಡಮೆ.

ಉಳಿದ ನೀರನ್ನು ಜನ ಎಲ್ಲಿಂದ ತರುತ್ತಾರೆ? ಮನೆಯ ಪಕ್ಕದಲ್ಲಿ ಹಾದುಹೋಗುವ ದೊಡ್ಡ ಪೈಪಿನಿಂದ. ರಾತ್ರಿ ಅಗೆದು ತೂತು ಕೊರೆದು ರಬ್ಬರ್ ಕೊಳವೆ ಜೋಡಿಸಿಕೊಳ್ಳುತ್ತಾರೆ. ಇದನ್ನು ಅಧಿಕಾರಿಗಳು ಕಳ್ಳತನ ಎನ್ನುತ್ತಾರೆ. ಕಾಯಿದೆಯ ಪ್ರಕಾರ ಅದು ಹೌದು. ಆದರೆ ಕಾಲುವೆಯ ಕೊನೆಯ ಭಾಗದಲ್ಲಿ ಜಮೀನಿರುವ ರೈತರಿಗೆ ಇದರ ನಿಜವಾದ ಪೆಟ್ಟು ಯಾರಿಗೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವನು ತೂಬು ಒಡೆದರೆ ಕೆಳಗಿನವನ ಗದ್ದೆ ಒಣಗುತ್ತದೆ. ಪೈಪಿನಲ್ಲಿ ಒತ್ತಡ ಇಳಿದು, ತೊಟ್ಟಿ ತುಂಬದೆ, ಕೊನೆಯ ದಿಬ್ಬದ ಕೊಳಾಯಿ ಒಣಗಿ ನಿಲ್ಲುತ್ತದೆ. ಆ ಊರಿಗೆ ಪುರಸಭೆ ಟ್ಯಾಂಕರ್ ಕಳುಹಿಸಬೇಕಾಗುತ್ತದೆ. ಟ್ಯಾಂಕರಿನ ಬಾಡಿಗೆಗೆ ಖರ್ಚಾದ ಹಣ ದುರಸ್ತಿಯ ಲೆಕ್ಕದಿಂದ ಹೋಗುತ್ತದೆ. ದುರಸ್ತಿ ಇಲ್ಲದ ಪೈಪು ಇನ್ನಷ್ಟು ಸೋರುತ್ತದೆ. 2023ರ ಸರಕಾರಿ ವರದಿಯ ಪ್ರಕಾರ ಆ ದೇಶದ ಪುರಸಭೆಗಳು ಸರಬರಾಜು ಮಾಡುವ ನೀರಿನಲ್ಲಿ ಶೇಕಡ 47ರಷ್ಟು ಹಣ ತಾರದೆ ಹೋಗುತ್ತದೆ. ಸೋರಿದ್ದು, ಅಳೆಯದೆ ಕೊಟ್ಟದ್ದು, ಕದ್ದದ್ದು ಎಲ್ಲ ಇದರಲ್ಲಿ ಸೇರಿದೆ.

ಲೆಕ್ಕ ಮಾಡದೆ ಬಿಟ್ಟ ಹಸು ಹೀಗೆ ಕೊನೆಯ ಮನೆಯ ಮಗುವಿನ ಲೋಟದಿಂದ ಕುಡಿಯುತ್ತದೆ. ಈ ಕಾರಣದಿಂದಲೇ 2000ದ ನಂತರ ನೀರು ತಜ್ಞರು ಬಹೂಪಯೋಗಿ ನೀರು ಸೇವೆ ಎಂಬ ಪದ್ಧತಿಯನ್ನು ಒತ್ತಿ ಹೇಳತೊಡಗಿದರು. ತಲೆಗೆ 50ರಿಂದ 100 ಲೀಟರು ದೊರೆತರೆ ಕುಡಿಯಲು, ಅಡಿಗೆಗೆ ಆಗಿ, ಕೆಲವು ಜಾನುವಾರು ಮತ್ತು ಸಣ್ಣ ಹಿತ್ತಲಿಗೂ ಒದಗುತ್ತದೆ. ಇದರಲ್ಲಿ ಶುದ್ಧೀಕರಿಸಿದ ನೀರು ಬೇಕಾದದ್ದು ಸ್ವಲ್ಪ ಭಾಗಕ್ಕೆ ಮಾತ್ರ. ಉಳಿದದ್ದಕ್ಕೆ ಕಟ್ಟೆಯ ನೀರು, ಚಾವಣಿಯ ನೀರು ಸಾಕು.

ನಮ್ಮಲ್ಲಿ 2019ರಲ್ಲಿ ಪ್ರಾರಂಭವಾದ ಜಲ ಜೀವನ ಮಿಷನ್ನಿನ ಪ್ರಮಾಣ ತಲೆಗೆ 55 ಲೀಟರು. ಐದು ಜನರ ಮನೆಗೆ 275 ಲೀಟರು. ಹಾಲು ಕೊಡುವ ಎರಡು ಮಿಶ್ರತಳಿ ಹಸುಗಳು ಬೇಸಗೆಯಲ್ಲಿ ದಿನಕ್ಕೆ 140 ಲೀಟರು ಕುಡಿಯಬಲ್ಲವು, ಮೈ ಮತ್ತು ಕೊಟ್ಟಿಗೆ ತೊಳೆಯುವುದು ಬೇರೆ. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಹತ್ತು ರಾಂಡಿನ ನೀರು

ಉಚಿತ ನೀರಿನ ನಿಯಮ ಹೇಗೆ ಬಂತೆಂಬುದೂ ತಿಳಿಯತಕ್ಕ ವಿಷಯ. 1994ರಲ್ಲಿ ಹೊಸ ಸರಕಾರ ಬಂದ ಮೇಲೆ ಹಳ್ಳಿಗಳಲ್ಲಿ ನೀರು ಸಮಿತಿಗಳನ್ನು ರಚಿಸಿ ಸಾವಿರಾರು ಕೊಳಾಯಿಗಳನ್ನು ಹಾಕಿಸಿತು. ಕಟ್ಟುವ ಖರ್ಚು ಸರಕಾರದ್ದು, ನಡೆಸುವ ಖರ್ಚು ಊರಿನವರದ್ದು ಎಂಬುದು ನೀತಿ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆಗಿನ ನೀರು ಸಚಿವ ರಾನಿ ಕ್ಯಾಸ್ರಿಲ್ಸ್ ಅವರು ಪೂರ್ವ ಕೇಪ್ ಪ್ರಾಂತ್ಯದ ಲುಟ್ಷೆಕೊ ಎಂಬ ಹಳ್ಳಿಯ ಹೊಸ ಯೋಜನೆಯನ್ನು ನೋಡಲು ಹೋದಾಗ, ಬೆನ್ನಿಗೆ ಕೂಸು ಕಟ್ಟಿಕೊಂಡ ಹೆಂಗಸೊಬ್ಬಳು ಕೊಳಾಯಿಯನ್ನು ಬಿಟ್ಟು ನದಿಯ ಮರಳು ತೋಡಿ ನೀರು ತುಂಬುತ್ತಿದ್ದಳು. ತಿಂಗಳಿಗೆ ಹತ್ತು ರಾಂಡು ಕೊಡುವ ಶಕ್ತಿ ಅವಳಿಗಿರಲಿಲ್ಲ. ಈ ಪ್ರಸಂಗವನ್ನು ಸಚಿವರೇ ಅನೇಕ ಸಲ ಹೇಳಿದ್ದಾರೆ.

ಅದೇ ಕಾಲಕ್ಕೆ ಉಮ್ಖಾನ್ಯಕುಡೆಗೆ ದಕ್ಷಿಣದಲ್ಲಿರುವ, ಈಗ ಕಿಂಗ್ ಸೆಟ್ಷ್‌ವಾಯೊ ಎಂದು ಕರೆಯುವ ಜಿಲ್ಲೆಯಲ್ಲಿ ಇನ್ನೂ ಘೋರವಾದದ್ದು ನಡೆಯಿತು. ಎಂಪಂಗೇನಿ ಪಟ್ಟಣದ ಬಳಿ ಮಡ್ಲೆಬೆ ಎಂಬ ಪ್ರದೇಶದ ಜನರಿಗೆ 1983ರ ಬರಗಾಲದಿಂದಲೂ ಕೊಳಾಯಿ ನೀರು ಉಚಿತವಾಗಿ ಸಿಗುತ್ತಿತ್ತು. 2000ದಲ್ಲಿ ಅದನ್ನು ನಿಲ್ಲಿಸಿ, 51 ರಾಂಡು ಕಟ್ಟಿ ಹೆಸರು ನೋಂದಾಯಿಸಿದವರಿಗೆ ಮಾತ್ರ ನೀರು ಎಂದರು. ಕಟ್ಟಲಾಗದವರು ಹಳ್ಳ ಕೊಳಗಳಿಗೆ ಹೋದರು. ಆಗಸ್ಟಿನಲ್ಲಿ ಕಾಲರಾ ಕಾಣಿಸಿಕೊಂಡು ಪ್ರಾಂತ್ಯದಲ್ಲೆಲ್ಲ ಹಬ್ಬಿತು. ಒಂದು ಲಕ್ಷಕ್ಕಿಂತ ಹೆಚ್ಚು ಜನ ಹಾಸಿಗೆ ಹಿಡಿದರು, ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸುವ ಉಪಾಯ ಎಲ್ಲೆಡೆ ತಲುಪದಿದ್ದಲ್ಲಿ ಸಾವು ಎಷ್ಟೋ ಪಟ್ಟು ಹೆಚ್ಚುತ್ತಿತ್ತು.

ನೀರಿಗೆ ಕರ ಇರಲೇಬಾರದು ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ನೀರುಗಂಟಿಯ ಸಂಬಳವೂ ಪಂಪಿನ ವಿದ್ಯುತ್ತೂ ಎಲ್ಲಿಂದಲೋ ಬರಲೇಬೇಕು. ಕುಡಿಯುವ ನೀರಿನ ಮೊದಲ ಪಾಲನ್ನು ಕರದಿಂದ ಹೊರಗಿಟ್ಟು, ಅದಕ್ಕೆ ಮೇಲ್ಪಟ್ಟು ದನಕ್ಕೆ, ತೋಟಕ್ಕೆ ಬಳಸುವವರು ಅಳತೆಯ ಪ್ರಕಾರ ಕೊಡುವುದು ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಉತ್ಪತ್ತಿ ತರುವ ನೀರಿಗೆ ರೈತ ಹಣ ಕೊಡಬಲ್ಲ. ಲೆಕ್ಕದಲ್ಲಿ ಅದಕ್ಕೆ ಸ್ಥಳವಿದ್ದರೆ ಮಾತ್ರ.

ನದಿ ಬಯಲಿನ ಸಮಿತಿಗಳು

ಊರಿನವರನ್ನು ಕೇಳದೆ ನೀರು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜೊಝಿನಿಯ ಕೆಳಗಿನ ಬಯಲೇ ಸಾಕ್ಷಿ. ಅಣೆಕಟ್ಟಿಗೆ ಮೊದಲು ಬೇಸಗೆಯ ಮಳೆಗೆ ಪೊಂಗೋಲಾ ಉಕ್ಕಿ ಬಯಲಿನ ಕೊಳಗಳನ್ನು ತುಂಬುತ್ತಿತ್ತು. ಮೀನು ಅಲ್ಲಿ ಮರಿಮಾಡುತ್ತಿತ್ತು. ನೀರು ಇಳಿಯುತ್ತಿದ್ದಂತೆ ಜನ ಹಸಿ ಮಣ್ಣಿನಲ್ಲಿ ಜೋಳ, ಕುಂಬಳ ಹಾಕುತ್ತಿದ್ದರು, ನಮ್ಮಲ್ಲಿ ಕೆರೆಯಂಗಳದಲ್ಲಿ ಬೆಳೆ ತೆಗೆಯುವ ಹಾಗೆ. ಅಣೆಕಟ್ಟಾದ ಮೇಲೆ ಪ್ರವಾಹ ಬರುವುದು ಬಾಗಿಲು ತೆಗೆದಾಗ ಮಾತ್ರ. ಬಾಗಿಲು ತೆಗೆಯುವ ತಾರೀಖು ಇಂಜಿನಿಯರರ ಕೈಯಲ್ಲಿ. ಬಿತ್ತಿದ ಮೇಲೆ ನೀರು ಬಂದರೆ ಬೆಳೆ ಕೊಳೆಯಿತು, ಬಾರದಿದ್ದರೆ ಮೀನಿಲ್ಲ, ಮೇವಿಲ್ಲ.

1980ರ ದಶಕದ ಕೊನೆಯಲ್ಲಿ ಅಲ್ಲಿಯ ಜನ ಊರೂರಿಗೆ ನೀರು ಸಮಿತಿ ಮಾಡಿಕೊಂಡರು. ಬೇಸಾಯಗಾರರು, ಮೀನುಗಾರರು, ದನ ಸಾಕುವವರು, ಹೆಂಗಸರು, ಆರೋಗ್ಯ ಕೆಲಸದವರು ಎಂದು ಗುಂಪು ಗುಂಪಾಗಿ ಪ್ರತಿನಿಧಿಗಳನ್ನು ಆರಿಸಿದರು. ಹೆಂಗಸರನ್ನು ಪ್ರತ್ಯೇಕ ಗುಂಪಾಗಿ ಸೇರಿಸಿದ್ದನ್ನು ಗಮನಿಸಬೇಕು. ನೀರು ಹೊರುವವರು ಅವರೇ, ಬಯಲಿನ ಹೊಲ ಗೇಯುವವರಲ್ಲೂ ಅವರೇ ಹೆಚ್ಚು. ಬಾಗಿಲು ಯಾವಾಗ ತೆಗೆಯಬೇಕೆಂದು ಸಮಿತಿಗಳು ಸರಕಾರಕ್ಕೆ ಹೇಳತೊಡಗಿದವು, ಸರಕಾರ ಕೇಳಿತು. ಮುಂದೆ ಹತ್ತಿ ಬೆಳೆಯುವವರು ಬಯಲಿಗೆ ಬಂದಾಗ ಪ್ರವಾಹವೇ ಬೇಡ ಎಂದರು, ಮೀನುಗಾರರು ಬೇಕೆಂದರು, ಜಗಳವಾಯಿತು. ಸಮಿತಿ ಇದ್ದ ಮಾತ್ರಕ್ಕೆ ಜಗಳ ತಪ್ಪುವುದಿಲ್ಲ. ಜಗಳವಾಡಲು ಒಂದು ಜಾಗವಿರುತ್ತದೆ, ಅಷ್ಟೆ. ಅದೂ ಕಡಮೆಯದಲ್ಲ.

ಮರಳು ನೆಲದ ಕರಾವಳಿ ಭಾಗದಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿಯ ಸಿಬಾಯ ಸರೋವರ ಆ ದೇಶದಲ್ಲಿಯೇ ದೊಡ್ಡ ನೈಸರ್ಗಿಕ ಸಿಹಿನೀರಿನ ಸರೋವರ. ಅದು ಮುಖ್ಯವಾಗಿ ಅಂತರ್ಜಲದಿಂದ ತುಂಬುತ್ತದೆ. ಸುತ್ತಲಿನ ಊರುಗಳಿಗೆ ಅದೇ ಮೂಲ. ಈ ಶತಮಾನದ ಆರಂಭದಿಂದ ಅದರ ಮಟ್ಟ ಬಹಳ ಇಳಿದಿದೆ. ಮಳೆಯ ಕೊರತೆಯ ಜೊತೆಗೆ ಸುತ್ತ ಬೆಳೆಸಿದ ನೀಲಗಿರಿ ಮತ್ತು ಪೈನ್ ತೋಪುಗಳೂ ಕಾರಣವೆಂದು ಅಧ್ಯಯನಗಳಿಂದ ತಿಳಿದುಬಂದಿದೆ. ಕೋಲಾರದ ಕಡೆಯ ರೈತರಿಗೆ ಇದು ಹೊಸ ಸುದ್ದಿಯಲ್ಲ.

ಮನೆಯಂಗಳದಲ್ಲಿ ಮಾಡಬಹುದಾದದ್ದು

ಪುರಸಭೆಯ ನೀರು ಹಿತ್ತಲಿಗೆ ಸಾಲದೆಂದು ಗೊತ್ತಾದ ಮೇಲೆ ದಕ್ಷಿಣ ಆಫ್ರಿಕದ ಹಳ್ಳಿಗಳಲ್ಲಿ ಹಬ್ಬಿದ ಒಂದು ವಿಧಾನ ಆಳದ ಗುಂಡಿ ಮಡಿ. ಇದನ್ನು ಬಡ ಕುಟುಂಬಗಳಿಗೆ ಕಲಿಸುವುದರಲ್ಲಿ ಮಾತ್ಶೆಪೊ ಖುಂಬಾನೆ ಎಂಬ ಮಹಿಳೆ ಬಹಳ ಶ್ರಮಿಸಿದರು. ನಮ್ಮ ಒಣಭೂಮಿಯ ಹಿತ್ತಲುಗಳಿಗೂ ಇದು ಒಗ್ಗುತ್ತದೆ.

ಎರಡು ಮೀಟರು ಉದ್ದ, ಒಂದು ಮೀಟರು ಅಗಲ, ಸುಮಾರು ಒಂದು ಮೀಟರು ಆಳದ ಗುಂಡಿಯನ್ನು ಇಳಿಜಾರಿಗೆ ಅಡ್ಡಲಾಗಿ ತೆಗೆಯಬೇಕು. ಮೇಲ್ಮಣ್ಣನ್ನು ಒಂದು ಕಡೆ, ಕೆಳಮಣ್ಣನ್ನು ಮತ್ತೊಂದು ಕಡೆ ರಾಶಿ ಹಾಕಬೇಕು. ತಳದಲ್ಲಿ ಕಡ್ಡಿ, ಸೌದೆ ಚೂರು, ಮೂಳೆ. ಅದರ ಮೇಲೆ ಒಣಹುಲ್ಲು ಅಥವಾ ರವದಿ, ಗೊಬ್ಬರ, ಮಣ್ಣು ಹೀಗೆ ಪದರ ಪದರವಾಗಿ ತುಂಬುತ್ತ ಪ್ರತಿ ಪದರಕ್ಕೂ ನೀರು ಚಿಮುಕಿಸಬೇಕು. ಕೊನೆಗೆ ಮೇಲ್ಮಣ್ಣು. ಅಂಗಳದಲ್ಲಿ ಹರಿಯುವ ಮಳೆನೀರು ಈ ಮಡಿಗೆ ನುಗ್ಗುವಂತೆ ಸಣ್ಣ ಬದು ತಿರುಗಿಸಬೇಕು. ಕೊಳೆತ ಕಸ ಹತ್ತಿಯಂತೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರು ಆಳಕ್ಕಿಳಿಯುತ್ತದೆ. ಮೇಲೆ ಹುಲ್ಲಿನ ಮುಚ್ಚಿಗೆ ಹಾಕಿದರೆ ನೀರು ಹಾಕುವ ಅವಧಿಯನ್ನು ಇನ್ನೂ ಮುಂದೂಡಬಹುದು. ಕಸ ಕುಗ್ಗಿ ಮಡಿ ತಗ್ಗಾದಾಗ ಮತ್ತೆ ಗೊಬ್ಬರ, ಮಣ್ಣು ಕೊಡಬೇಕು.

ಚಾವಣಿಯ ಲೆಕ್ಕವೂ ಸುಲಭ. 40 ಚದರ ಮೀಟರಿನ ತಗಡಿನ ಚಾವಣಿಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ 24,000 ಲೀಟರು. ಐದರಲ್ಲಿ ಒಂದು ಪಾಲು ನಷ್ಟವೆಂದರೂ 19,000 ಲೀಟರಿಗೆ ಮೇಲೆ ದೊರೆಯುತ್ತದೆ. ಆದರೆ ಇದನ್ನೆಲ್ಲ ಹಿಡಿದಿಡುವ ತೊಟ್ಟಿ ಬಡವನಿಗೆ ದುಬಾರಿ. 5,000 ಲೀಟರಿನ ತೊಟ್ಟಿಯಿಂದ ಮೇಲೆ ಹೇಳಿದ ಹತ್ತು ಆಡುಗಳಿಗೆ ನಾಲ್ಕು ತಿಂಗಳು ಕುಡಿಸಬಹುದು. ಹಿತ್ತಲಿಗೆ ಬಿಟ್ಟರೆ ಇಪ್ಪತ್ತು ದಿನಕ್ಕೆ ಮುಗಿಯುತ್ತದೆ. ಆದ್ದರಿಂದ ತೊಟ್ಟಿಯ ನೀರನ್ನು ಜಾನುವಾರಿಗೆ ಇಟ್ಟುಕೊಂಡು, ಹಿತ್ತಲಿಗೆ ಬಚ್ಚಲ ನೀರನ್ನೂ ಗುಂಡಿ ಮಡಿಯ ತೇವವನ್ನೂ ನಂಬುವುದು ಮೇಲು. ಸಾಬೂನಿನ ನೀರನ್ನು ಎಲೆಗಳ ಮೇಲೆ ಸುರಿಯದೆ ಬುಡಕ್ಕೆ ಹಾಕಬೇಕು. ಒಂದೇ ಮಡಿಗೆ ದಿನವೂ ಹಾಕದೆ ಬದಲಾಯಿಸುತ್ತಿರಬೇಕು. ಹಸಿಯಾಗಿ ತಿನ್ನುವ ಸೊಪ್ಪಿಗೆ ಅದು ಬೇಡ.

ಊರಿನ ಯೋಜನೆ ಸರಿಯಾಗಿ ನಡೆದಿದೆಯೇ ಎಂದು ನೋಡುವ ಬಗೆ ಹೀಗೆ. ಟ್ಯಾಂಕಿನಿಂದ ಅತ್ಯಂತ ದೂರದ, ಎತ್ತರದ ಮನೆಯ ನಲ್ಲಿಯನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಎಲ್ಲರೂ ನೀರು ಹಿಡಿಯುವ ಹೊತ್ತಿನಲ್ಲಿ ಹತ್ತು ಲೀಟರಿನ ಬಕೆಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆಂದು ಗಡಿಯಾರ ನೋಡಿ ಬರೆಯಿರಿ. ವಾರಕ್ಕೊಮ್ಮೆ, ಅದೇ ದಿನ, ಅದೇ ನಲ್ಲಿಯಲ್ಲಿ. ಅದರ ಪಕ್ಕದಲ್ಲಿ ಊರಿನ ಜನ, ಹಸು ಎಮ್ಮೆ, ಆಡು ಕುರಿಗಳ ಸಂಖ್ಯೆಯನ್ನೂ ಬೇಕಾದ ಲೀಟರುಗಳನ್ನೂ ಬರೆದು ಗ್ರಾಮಸಭೆಗೆ ತೆಗೆದುಕೊಂಡು ಹೋಗಿ. ಬಕೆಟ್ಟು ತುಂಬಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯತೊಡಗಿದ ವಾರವೇ ಪೈಪಿನ ಉದ್ದಕ್ಕೂ ನಡೆದು ನೋಡಲು ಹೊರಡಬೇಕು. ನಲ್ಲಿ ಪೂರ್ತಿ ಒಣಗುವವರೆಗೆ ಕಾಯಬಾರದು.